ಚೆನ್ನಾಗಿರುವಾಗಲೇ ಫ್ರೀಜರಿಗೆ ಹಾಕಿ

ಮನೆಗೆ ಫ್ರೀಜರ್ ಬಂದು 30 ವರ್ಷ ದಾಟಿತು. ಅದರಲ್ಲಿ ಮೊದಲ 10 ವರ್ಷ ನಾನು ಅದನ್ನು ತಪ್ಪಾಗಿಯೇ ಬಳಸಿದೆ. ಉಳಿದ ಅಡುಗೆ ಮೂರು ದಿನ ಕೆಳಗೆ ಫ್ರಿಜ್ಜಿನಲ್ಲಿ ಕೂತಿರುತ್ತಿತ್ತು, ನಾಲ್ಕನೇ ದಿನ ಎಸೆಯಲು ಮನಸ್ಸು ಬಾರದೆ ಮೇಲೆ ತಳ್ಳುತ್ತಿದ್ದೆ, ಆರು ತಿಂಗಳಾದ ಮೇಲೆ ಅದು ಏನೆಂದೇ ಗುರುತು ಸಿಗದೆ ಕೊನೆಗೂ ಎಸೆಯುತ್ತಿದ್ದೆ. ಆರು ತಿಂಗಳ ಕರೆಂಟು ದಂಡ, ಅಷ್ಟೆ.

ಫ್ರೀಜರ್ ಹಳಸಿದ್ದನ್ನು ಸರಿ ಮಾಡುವುದಿಲ್ಲ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ನಿಜ, ಆದರೆ ಎಲ್ಲವೂ ಸಾಯುವುದಿಲ್ಲ. ಹೊರಗೆ ತೆಗೆದು ಸ್ವಲ್ಪ ಬೆಚ್ಚಗಾಯಿತೋ ಇಲ್ಲವೋ ಮತ್ತೆ ಶುರು. ಹಾಗಾಗಿ ಇಷ್ಟು ಉಳಿಯುತ್ತದೆ ಅಂತ ಗೊತ್ತಾದ ದಿನವೇ, ತಿನ್ನಲು ಚೆನ್ನಾಗಿರುವಾಗಲೇ ಹಾಕಿಬಿಡಿ. ಬಿಸಿ ಪಾತ್ರೆಯನ್ನು ಹಾಗೇ ಇಡಬೇಡಿ, ಪಕ್ಕದಲ್ಲಿರುವುದೆಲ್ಲ ಕರಗುತ್ತದೆ. ತಣ್ಣಗಾಗಲಿ ಅಂತ ರಾತ್ರಿಯೆಲ್ಲ ಹೊರಗೂ ಬಿಡಬೇಡಿ. ಅಗಲವಾದ ತಟ್ಟೆಯಲ್ಲಿ ಹರಡಿದರೆ ಬೇಗ ಆರುತ್ತದೆ, ಎರಡು ಗಂಟೆಯೊಳಗೆ ಒಳಗೆ ಹೋಗಬೇಕು. ಅನ್ನದ ವಿಷಯದಲ್ಲಂತೂ ಇನ್ನೂ ಬೇಗ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಉಳಿದುಕೊಳ್ಳುತ್ತದೆ, ಅನ್ನ ಉಗುರುಬೆಚ್ಚಗೆ ಕೂತಷ್ಟೂ ಅದಕ್ಕೆ ಹಬ್ಬ.

ಇನ್ನು ಡಬ್ಬಿಗಳು. ಫ್ರೀಜ್ ಮಾಡಬೇಕು ಅಂದಕೂಡಲೇ ಜನ ಹೊಸ ಪ್ಲಾಸ್ಟಿಕ್ ಚೀಲ, ಹೊಸ ಡಬ್ಬಿ ಸೆಟ್ ತರಲು ಹೊರಡುತ್ತಾರೆ. ಕಸ ಕಡಿಮೆ ಮಾಡಲು ಕಸ ಕೊಂಡುಕೊಂಡ ಹಾಗಾಯಿತು, ಅಲ್ವಾ? ಜಾಮ್ ಖಾಲಿಯಾದ ಗಾಜಿನ ಬಾಟಲಿ ಸಾಕು. ಒಂದೇ ಎಚ್ಚರಿಕೆ, ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ನನಗೆ ಇದು ಪುಸ್ತಕ ಓದಿ ತಿಳಿದದ್ದಲ್ಲ, ಕಂಠಮಟ್ಟ ಸೂಪು ತುಂಬಿ ಬಿಗಿಯಾಗಿ ಮುಚ್ಚಿಟ್ಟ ಬಾಟಲಿ ಬೆಳಗ್ಗೆ ಸೀಳಿ ಬಿದ್ದಿತ್ತು. ಸೂಪಿನಲ್ಲಿ ಗಾಜಿನ ಚೂರು ಇದ್ದೀತು ಅಂತ ಪೂರ್ತಿ ಚೆಲ್ಲಬೇಕಾಯಿತು. ಅಂದಿನಿಂದ ಮೇಲೆ ಎರಡು ಬೆರಳು ಜಾಗ ಬಿಡುತ್ತೇನೆ, ಗಟ್ಟಿಯಾಗುವವರೆಗೆ ಮುಚ್ಚಳ ಸಡಿಲ ಇಡುತ್ತೇನೆ. ಕತ್ತಿನ ಹತ್ತಿರ ಕಿರಿದಾಗುವ ಬಾಟಲಿಗಿಂತ ನೆಟ್ಟಗಿರುವ ಬಾಟಲಿ ವಾಸಿ, ಒಳಗಿನದು ಹಿಗ್ಗಿದರೆ ಮೇಲಕ್ಕೆ ಹೋಗಲು ದಾರಿ ಇರುತ್ತದೆ. ಫ್ರೀಜರಿನಿಂದ ತೆಗೆದ ಗಾಜಿಗೆ ಬಿಸಿನೀರು ಸೋಕಿಸಲೇಬಾರದು. ಗಾಜು ಭಯ ಅನ್ನುವವರು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಜಿಪ್ ಚೀಲ ಮನೆಯಲ್ಲಿ ಆಗಲೇ ಇದ್ದರೆ ತೊಳೆದು ಒಣಗಿಸಿ ಮತ್ತೆ ಮತ್ತೆ ಬಳಸಬಹುದು, ಹಸಿ ಮಾಂಸ ಮೀನು ಹಾಕಿದ್ದನ್ನು ಮಾತ್ರ ಬೇಡ.

ಯಾವುದರಲ್ಲಿ ಹಾಕಿದರೂ ಒಳಗೆ ಗಾಳಿ ಕಡಿಮೆ ಇರಲಿ. ಕೆಲವು ಸಲ ತರಕಾರಿ ಮೇಲೆ, ಮಾಂಸದ ಮೇಲೆ ಬಿಳಿಚಿದ ಒಣ ಕಲೆ ಕಾಣುತ್ತದಲ್ಲ, ಅದು ಬೂಸ್ಟಲ್ಲ. ಮೇಲ್ಮೈಯ ಮಂಜು ನೀರಾಗದೆ ನೇರವಾಗಿ ಆವಿಯಾಗಿ ಹೋಗಿರುತ್ತದೆ. ತಿಂದರೆ ತೊಂದರೆ ಇಲ್ಲ, ರುಚಿ ಮಾತ್ರ ರಟ್ಟಿನ ಹಾಗೆ.

ಬಟಾಣಿ, ಬೀನ್ಸ್ ಇಂಥವನ್ನು ಹಸಿಯಾಗಿ ಹಾಕಿ ಬಣ್ಣ ಕೆಟ್ಟಿತು ಅಂತ ಬೇಜಾರಾಗುವವರು ಜಾಸ್ತಿ. ತರಕಾರಿಯೊಳಗಿನ ಕಿಣ್ವಗಳು ಆ ಚಳಿಯಲ್ಲೂ ನಿಧಾನಕ್ಕೆ ಕೆಲಸ ಮಾಡುತ್ತಲೇ ಇರುತ್ತವೆ. ಅದಕ್ಕೇ ಮೊದಲು ಕುದಿಯುವ ನೀರಿಗೆ ಹಾಕಬೇಕು, ಬಟಾಣಿಗೆ ಒಂದೂವರೆ ಎರಡು ನಿಮಿಷ, ಬೀನ್ಸಿಗೆ ಮೂರು ನಿಮಿಷ, ಕೂಡಲೇ ಐಸ್ ಹಾಕಿದ ನೀರಿಗೆ. ಆಮೇಲೆ ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒಣಗಿಸಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಇಟ್ಟು ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ಇದು ರಗಳೆ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಹೀಗೆ ಮಾಡಿದರೆ ಬೇಕಾದಾಗ ಒಂದು ಹಿಡಿ ತೆಗೆಯಬಹುದು, ಇಲ್ಲದಿದ್ದರೆ ಇಡೀ ಡಬ್ಬಿ ಒಂದು ಕಲ್ಲು. ಬಟಾಣಿ ಅಗ್ಗವಾಗಿ ಸಿಗುವ ಕಾಲದಲ್ಲಿ ಬಿಡಿಯಾಗಿ ಕೊಂಡು ಹೀಗೆ ಎತ್ತಿಟ್ಟರೆ ಮುಂದೆ ಪ್ಯಾಕೆಟ್ ಬಟಾಣಿ ಕೊಳ್ಳುವ ಗೋಜಿಲ್ಲ.

ಬ್ರೆಡ್ಡನ್ನು ಹೋಳು ಮಾಡಿಯೇ ಇಡಿ, ಬೇಕಾದಷ್ಟು ತೆಗೆದು ನೇರವಾಗಿ ಟೋಸ್ಟ್ ಮಾಡಬಹುದು. ಬಾಳೆಹಣ್ಣು ತೀರಾ ಕಳಿಯುವ ಮುಂಚೆ ಸಿಪ್ಪೆ ಸುಲಿದು ಹಾಕಿ, ಸಿಪ್ಪೆ ಸಮೇತ ಇಟ್ಟು ಆಮೇಲೆ ಸುಲಿಯಲು ಹೋದರೆ ಕೈ ಮರಗಟ್ಟುತ್ತದೆ. ಟೊಮೆಟೊ ರುಬ್ಬಿದ್ದು, ನಿಂಬೆರಸ, ಹೆಚ್ಚಿದ ಸೊಪ್ಪಿಗೆ ಸ್ವಲ್ಪ ಎಣ್ಣೆ ಬೆರೆಸಿದ್ದು, ಇವೆಲ್ಲ ಐಸ್ ಟ್ರೇಯಲ್ಲಿ. ಸೌತೆಕಾಯಿ, ಹಸಿ ಎಲೆಕೋಸು ಹಾಕಬೇಡಿ, ಕರಗಿದ ಮೇಲೆ ಬರಿ ನೀರು. ಮೊಟ್ಟೆಯನ್ನು ಚಿಪ್ಪಿನ ಸಮೇತ ಬೇಡ, ಒಡೆಯುತ್ತದೆ. ಬೆಂದ ಆಲೂಗಡ್ಡೆ ಮರಳು ಮರಳಾಗುತ್ತದೆ.

ಕರಗಿಸುವುದು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ, ಹಿಂದಿನ ರಾತ್ರಿಯೇ. ಅಡುಗೆ ಕಟ್ಟೆಯ ಮೇಲಿಟ್ಟರೆ ನಡುವೆ ಇನ್ನೂ ಕಲ್ಲಾಗಿರುವಾಗಲೇ ಹೊರಭಾಗ ಕೆಡಲು ಶುರುವಾಗುತ್ತದೆ. ಅದಕ್ಕೇ ದೊಡ್ಡ ಡಬ್ಬಿ ತುಂಬಬೇಡಿ, ಒಂದು ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ಅಳತೆ ಇರಲಿ. ಮೇಲೆ ಹೆಸರು, ತಾರೀಕು ಬರೆಯಿರಿ. ನೆನಪಿರುತ್ತದೆ ಅನ್ನುತ್ತೀರಿ, ಇರುವುದಿಲ್ಲ.

ಕರೆಂಟು ಹೋದರೆ ಗಾಬರಿಯಾಗಿ ಬಾಗಿಲು ತೆಗೆದು ತೆಗೆದು ನೋಡಬೇಡಿ. ಮುಚ್ಚಿಯೇ ಇದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಊರಿಗೆ ಹೋಗುವಾಗ ನಾನು ಒಂದು ಲೋಟ ನೀರು ಹೆಪ್ಪುಗಟ್ಟಿಸಿ ಮೇಲೆ ನಾಣ್ಯ ಇಟ್ಟು ಹೋಗುತ್ತೇನೆ. ವಾಪಸ್ ಬಂದಾಗ ನಾಣ್ಯ ಮೇಲೆಯೇ ಇದ್ದರೆ ನೆಮ್ಮದಿ. ತಳಕ್ಕೆ ಇಳಿದಿದ್ದರೆ ನಾನಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಆಗ ಎಷ್ಟೇ ಹೊಟ್ಟೆ ಉರಿದರೂ ಖಾಲಿ ಮಾಡುತ್ತೇನೆ.