ದರೋಜಿಯಲ್ಲಿ ಕರಡಿಗೆ ಕಾದ ಮಧ್ಯಾಹ್ನ

ಮೊದಲ ಸಲ ದರೋಜಿ ಕರಡಿಧಾಮಕ್ಕೆ ಹೋದಾಗ ನಾನು ಮಾಡಿದ್ದು ಶುದ್ಧ ದಡ್ಡತನ. ಕಾಡು ಅಂದಮೇಲೆ ನಸುಕಿನಲ್ಲೇ ಹೋಗಬೇಕು ಅನ್ನುವ ಬಂಡೀಪುರದ ಲೆಕ್ಕ ತಲೆಯಲ್ಲಿತ್ತು. ಹೊಸಪೇಟೆಯಿಂದ ಆರಕ್ಕೇ ಹೊರಟು, ಕಮಲಾಪುರ ದಾಟಿ ಗೇಟಿನ ಮುಂದೆ ನಿಂತರೆ ಬೀಗ. ಇಲ್ಲಿ ಪ್ರವಾಸಿಗರನ್ನು ಬಿಡುವುದೇ ಮಧ್ಯಾಹ್ನದ ಮೇಲೆ. ಅವತ್ತು ಸಂಜೆ ರೈಲಿತ್ತು. ತಂದ ಬುತ್ತಿಯನ್ನು ಗೇಟಿನ ಹತ್ತಿರವೇ ತಿಂದು ಮುಗಿಸಿ ವಾಪಸಾದೆ.

ಎರಡನೇ ಸಲ, ಡಿಸೆಂಬರಿನಲ್ಲಿ, ಎರಡು ದಿನ ಇಟ್ಟುಕೊಂಡು ಹೋದೆ. ಊಟ ಮುಗಿಸಿ ಎರಡರ ಹೊತ್ತಿಗೆ ಗೇಟು. ಅಲ್ಲಿಂದ ಒಳಗೆ ವೀಕ್ಷಣಾ ಗೋಪುರದವರೆಗೂ ಸ್ವಂತ ಗಾಡಿಯಲ್ಲೇ ಹೋದೆ. ಜೀಪಿನಲ್ಲಿ ಕಾಡು ಸುತ್ತಿಸುವ ಸಫಾರಿ ಅಂದುಕೊಂಡು ಬಂದವರಿಗೆ ಇಲ್ಲಿ ನಿರಾಸೆ. ಎದುರಿಗೆ ಕರಡಿಕಲ್ಲು ಗುಡ್ಡ, ನಡುವೆ ಕುರುಚಲು ಕಾಡು. ಗೋಪುರದ ಮೇಲೆ ಕೂತು ಕಾಯುವುದೇ ಕೆಲಸ. ಅರಣ್ಯ ಸಿಬ್ಬಂದಿ ಮೊದಲೇ ಹೋಗಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬಂದಿರುತ್ತಾರೆ. ಕಾಡುಪ್ರಾಣಿಗೆ ಬೆಲ್ಲದ ರುಚಿ ಹತ್ತಿಸಬೇಕೇ ಅನ್ನುವ ತಕರಾರು ನನಗೆ ಇವತ್ತಿಗೂ ಇದೆ. ಆದರೆ ಅದಿಲ್ಲದೆ ಹಾಡಹಗಲಲ್ಲಿ ಕರಡಿ ಕಾಣುವುದು ಕನಸಿನ ಮಾತು ಅನ್ನುವುದೂ ಗೊತ್ತು.

ಮೊದಲು ಬಂದವು ನವಿಲುಗಳು. ಆಮೇಲೆ ಎರಡು ಮುಂಗುಸಿ, ಒಂದು ಚಿಟ್ಟುಕೋಳಿ. ಬೆಲ್ಲ ಎಲ್ಲರಿಗೂ ಬೇಕು. ಮುಕ್ಕಾಲು ಗಂಟೆ ಕಳೆದರೂ ಕರಡಿಯ ಸುಳಿವಿಲ್ಲ. ಪಕ್ಕದಲ್ಲಿದ್ದವರು ಫೋನಿನಲ್ಲಿ ಜೋರಾಗಿ ಮಾತು ಶುರು ಮಾಡಿದಾಗ ಗಾರ್ಡ್ ತುಟಿಗೆ ಬೆರಳಿಟ್ಟು, "ಸುಮ್ನಿರ್ರಿ ಸರ, ಬರ್ತಾವ" ಅಂದ.

ಬಂತು. ಬಂಡೆಯ ಸಂದಿಯ ನೆರಳೇ ಎದ್ದು ಬಂದ ಹಾಗೆ ಕಂಡಿತು. ಬರಿಗಣ್ಣಿಗೆ ಅದು ಕರಿ ಮಚ್ಚೆ ಅಷ್ಟೆ. ದುರ್ಬೀನು ಹಿಡಿದಾಗಲೇ ಕೆದರಿದ ಕೂದಲು, ಮಾಸಲು ಮೂತಿ, ಎದೆಯ ಮೇಲಿನ ಬಿಳಿ ಪಟ್ಟೆ ಬಿಡಿಬಿಡಿಯಾಗಿ ಕಂಡವು. ಬೆನ್ನ ಮೇಲೊಂದು ಗಂಟು ಅಲ್ಲಾಡಿತು. ಮರಿ! ತಾಯಿ ಇಳಿಜಾರಿನಲ್ಲಿ ವಾಲಿದರೂ ಅದು ಕೂದಲನ್ನು ಕಚ್ಚಿ ಹಿಡಿದಂತೆ ಅಂಟಿಕೊಂಡೇ ಇತ್ತು. ಈ ಜಾತಿಯ ಕರಡಿಗೆ ಮೇಲಿನ ಸಾಲಿನಲ್ಲಿ ನಡುವಿನ ಎರಡು ಮುಂದಿನ ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಅದು ಹುತ್ತದ ಗೆದ್ದಲನ್ನು ಸರ್ರನೆ ಎಳೆದುಕೊಳ್ಳುವುದು. ಬಂಡೆಯ ಬಿರುಕಿನಲ್ಲಿ ಉಳಿದ ಪಾಕಕ್ಕೂ ಅದೇ ಉಪಾಯ ಮಾಡಿತು. ಮೂತಿಯನ್ನು ಕಲ್ಲಿಗೊತ್ತಿ ಎಷ್ಟೋ ಹೊತ್ತು ಕದಲಲೇ ಇಲ್ಲ. ನನ್ನ ಫೋನಿನಲ್ಲಿ ತೆಗೆದ ಫೋಟೊ ನೋಡಿದ ಮನೆಯವರು ಇವತ್ತಿಗೂ ಕೇಳುವುದು, "ಇದರಲ್ಲಿ ಕರಡಿ ಎಲ್ಲಿ?" ಎಂದು. ದುರ್ಬೀನು ಇಲ್ಲದಿದ್ದರೆ ಯಾರದಾದರೂ ಎರವಲು ತನ್ನಿ.

1994ರಲ್ಲಿ ಘೋಷಣೆಯಾದ ಈ ಧಾಮ ಕರಡಿಗಳಿಗಷ್ಟೇ ಸೀಮಿತವಲ್ಲ. ಈ ಕಲ್ಲುಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರವೂ ಇದೆ. ದಕ್ಷಿಣ ಭಾರತದ ಇಂಥ ಬಂಡೆಗುಡ್ಡ ಬಿಟ್ಟು ಬೇರೆಲ್ಲೂ ಸಿಗದ ಹಕ್ಕಿ. ನನಗೆ ದನಿ ಮಾತ್ರ ಸಿಕ್ಕಿತು, ಅದೂ ಅದರದ್ದೇ ಅಂತ ಗಾರ್ಡ್ ಹೇಳಿದ್ದಕ್ಕೆ ನಂಬಿದ್ದು.

ಮಾರನೆಯ ಬೆಳಗು ಹೊಳೆಗೆ. ಮೊದಲು ಆನೆಗೊಂದಿ ಕಡೆಯ ಸಣಾಪುರ ಕೆರೆ. ಸುತ್ತ ಬಂಡೆಗಳು, ನಡುವೆ ತಿಳಿನೀರು, ನೋಡಿದರೆ ಈಜುವ ಆಸೆಯಾಗುತ್ತದೆ. ಮೊಸಳೆ ಇದೆ ಅನ್ನುವ ಬೋರ್ಡು ಅಲಂಕಾರಕ್ಕೆ ಹಾಕಿದ್ದಲ್ಲ. ನಾನು ದಡದಲ್ಲೇ ಕೂತೆ. ಆಮೇಲೆ ತುಂಗಭದ್ರೆಯ ದಡ ಹಿಡಿದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಮೀಸಲಿಟ್ಟಿದ್ದಾರೆ. ಎರಡು ತಾಸು ಕಾದರೂ ಒಂದೂ ತಲೆ ಎತ್ತಲಿಲ್ಲ. ಏಳುವಾಗ ಪಕ್ಕದ ಬಂಡೆಯ ಮೇಲೆ ಇನ್ನೂ ಹಸಿಯಾಗಿದ್ದ ಹಿಕ್ಕೆ ಕಂಡಿತು. ಕಡ್ಡಿಯಿಂದ ಬಿಡಿಸಿ ನೋಡಿದೆ, ತುಂಬಾ ಮೀನಿನ ಹುರುಪೆ.