ವೆಬ್‌ಸೈಟನ್ನು ಮೊದಲು ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡಿ

ಪುಣೆಯಲ್ಲಿ ರಾಜ್ಯೋತ್ಸವಕ್ಕೆ ವೆಬ್‌ಸೈಟ್ ಮಾಡುತ್ತಿರುವ ಗೆಳೆಯರೇ, ಎಚ್‌ಟಿಎಂಎಲ್ ಫೈಲನ್ನು ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಹಾಗೆ ತೆರೆದರೆ ಜಾವಾಸ್ಕ್ರಿಪ್ಟ್ ಮಾಡ್ಯೂಲ್‌ಗಳನ್ನು (ಬೇರೆ ಫೈಲುಗಳಿಂದ ಸೇರಿಸುವ ಕೋಡ್) ಬ್ರೌಸರ್ ತಡೆಯುತ್ತದೆ. ಬದಲಿಗೆ ಲ್ಯಾಪ್‌ಟಾಪಿನಲ್ಲೇ ಪುಟ್ಟ ವೆಬ್ ಸರ್ವರ್ ಓಡಿಸಿ; ಅದಕ್ಕೆ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ 3 ಇದ್ದರೆ ಸಾಕು. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಸೈಟಿನ ಫೋಲ್ಡರ್‌ಗೆ ಹೋಗಿ, ಮೈನಸ್ ಎಂ ಹಾಕಿ ಪೈಥಾನ್‌ನ ಎಚ್‌ಟಿಟಿಪಿ ಡಾಟ್ ಸರ್ವರ್ ಓಡಿಸಿ (python3 -m http.server). ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:8000 (localhost:8000) ತೆರೆಯಿರಿ.

ಅದೇ ವೈಫೈಯಲ್ಲಿರುವ ಮೊಬೈಲಿನಲ್ಲೂ ಲ್ಯಾಪ್‌ಟಾಪಿನ ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ), ಕೊನೆಗೆ :8000 ಹಾಕಿ ನೋಡಬಹುದು. ಜನ ಜಾಸ್ತಿ ನೋಡುವುದು ಮೊಬೈಲಿನಲ್ಲೇ ಅಲ್ವಾ? ಸಾಲುಗಳ ನಡುವೆ ಜಾಗ ಕಡಿಮೆಯಾಗಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿವೆಯೇ ಅಂತ ದಯವಿಟ್ಟು ಗಮನಿಸಿ.

ಹಿಂಜವಡಿಯ ಪಿಜಿ, ಕೆಫೆ ವೈಫೈಯಲ್ಲಿ ಮಾತ್ರ ಎಚ್ಚರ. ಆ ಫೋಲ್ಡರ್ ಪೂರ್ತಿ ಬೇರೆಯವರಿಗೂ ಕಾಣಬಹುದು. ಅಲ್ಲಿ ಸರ್ವರ್ ಓಡಿಸುವಾಗ ಬೈಂಡ್ ಆಯ್ಕೆಗೆ 127.0.0.1 ಕೊಡಿ (--bind 127.0.0.1); ಆಗ ಸೈಟ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ತೆರೆಯುತ್ತದೆ. ಸರ್ವರ್ ನಿಲ್ಲಿಸಲು ಟರ್ಮಿನಲ್‌ನಲ್ಲಿ ಕಂಟ್ರೋಲ್ ಸಿ ಒತ್ತಿ.