ಬಾರ್ಬಡೋಸ್‌ನಲ್ಲಿ ನಾವು ಕಡಲು ಆರಿಸಿಕೊಂಡ ಬಗೆ

ಬಾರ್ಬಡೋಸ್‌ಗೆ ಹೊರಡುವ ಮೊದಲು ನಾನು ಹದಿನೇಳು ಬೀಚುಗಳ ಪಟ್ಟಿ ಮಾಡಿಕೊಂಡಿದ್ದೆ. ನಮಗೆ ಇದ್ದದ್ದು ಎಂಟು ದಿನ. ಕೊನೆಗೆ ನೋಡಿದ್ದು ಆರು, ನೀರಿಗಿಳಿದದ್ದು ಐದರಲ್ಲಿ. ಅದರಲ್ಲೂ ಒಂದಕ್ಕೇ ಮೂರು ಸಲ ಹೋದೆವು. ಊರಿಗೆ ಫೋನ್ ಮಾಡಿದಾಗ ತಂಗಿ, 'ಅಷ್ಟು ದೂರ ಹೋಗಿ ಬರೀ ಆರಾ?' ಅಂದಳು. ಹೌದು, ಆರೇ. ಆ ಹದಿನೇಳು ಹೇಗೆ ಆರಕ್ಕಿಳಿಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರಿಗೆ ಇದು ಬೇಕಾಗುತ್ತದೆ.

ನಾವು ನಾಲ್ಕು ಜನ. ಅಮ್ಮನಿಗೆ ಅರವತ್ತೇಳು. ಕುಂದಾಪುರದ ಹತ್ತಿರ ಕಡಲಿನ ಸದ್ದು ಕೇಳಿಕೊಂಡೇ ಬೆಳೆದವರು, ಆದರೆ ಈಜು ಬಾರದು. ಮಗಳಿಗೆ ಎಂಟು ವರ್ಷ. ಅಮೆರಿಕದ ನಮ್ಮ ಮನೆಯ ಹತ್ತಿರದ ಈಜುಕೊಳದಲ್ಲಿ ಚೆನ್ನಾಗಿ ಈಜುತ್ತಾಳೆ, ಅಲೆಯ ಪರಿಚಯ ಇಲ್ಲ. ಇವರಿಗೆ ಕನ್ನಡಕ ಹಾಕಿಕೊಂಡು ನೀರೊಳಗೆ ಮೀನು ನೋಡಬೇಕು. ನನಗೆ ಚೆಂದದ ಜಾಗ ಬೇಕಿತ್ತು, ಅಷ್ಟೇ. ಆ 'ಅಷ್ಟೇ' ಮೊದಲ ದಿನವೇ ತಪ್ಪು ಅಂತ ಗೊತ್ತಾಯಿತು.

ಏಪ್ರಿಲ್ ತಿಂಗಳು. ಇಳಿದ ಮರುದಿನ ಬೆಳಿಗ್ಗೆಯೇ ಬಾಡಿಗೆ ಕಾರಿನಲ್ಲಿ ಆಗ್ನೇಯ ಮೂಲೆಯ ಬಾಟಮ್ ಬೇಗೆ ಹೊರಟೆವು. ಎರಡೂ ಕಡೆ ಹವಳಕಲ್ಲಿನ ಎತ್ತರದ ಗೋಡೆ, ನಡುವೆ ತೆಂಗಿನ ಮರಗಳು, ಕೆಳಗೆ ಅಗಲವಾದ ಬಿಳಿ ಮರಳು. ಫೋಟೋದಲ್ಲಿ ನೋಡಿದ್ದು ಹಾಗೆಯೇ ಇತ್ತು. ಫೋಟೋದಲ್ಲಿ ಇಲ್ಲದ್ದು ಅಲೆಯ ಸದ್ದು ಮತ್ತು ವಾಸನೆ. ಕಲ್ಲಿನ ಕಡಿದಾದ ಮೆಟ್ಟಿಲನ್ನು ಅಮ್ಮ ಒಂದೊಂದಾಗಿ, ನನ್ನ ಹೆಗಲು ಹಿಡಿದು ಇಳಿದರು. ಕೆಳಗೆ ಮೊಣಕಾಲೆತ್ತರಕ್ಕೆ ಕಂದು ಬಣ್ಣದ ಪಾಚಿ ಬಂದು ಬಿದ್ದಿತ್ತು, ಕೊಳೆತ ಮೊಟ್ಟೆಯ ನಾತ. ಅದರಾಚೆ ಅಲೆ ಒಂದರ ಮೇಲೊಂದು ಬಂದು ಅಪ್ಪಳಿಸುತ್ತಿತ್ತು. ಮಗಳು ಈಜುಡುಪು ಹಾಕಿಕೊಂಡೇ ಬಂದಿದ್ದಳು. ಅಮ್ಮ ಐದು ನಿಮಿಷ ನೀರನ್ನೇ ನೋಡಿದರು. ಅಲೆ ಹಿಂದಕ್ಕೆ ಹೋಗುವಾಗ ಮರಳನ್ನು ಹೇಗೆ ಕೊರೆದುಕೊಂಡು ಹೋಗುತ್ತದೆ ಅಂತ ನನಗೂ ತೋರಿಸಿದರು. 'ಇದ್ ಮಳಿಗಾಲದ್ ಕಡ್ಲ್ ಕಂಡಂಗಿತ್ತ್ ಹೆಣೆ, ಮಗಿನ್ ಇಳ್ಸ್‌ಬೇಡ' ಅಂದರು. ಮಗಳು ಅತ್ತಳು. ಯಾರೂ ನೀರು ಮುಟ್ಟದೆ ಮತ್ತೆ ಮೆಟ್ಟಿಲು ಹತ್ತಿದೆವು.

ಅವತ್ತು ಸಂಜೆ ನಕ್ಷೆ ಹರಡಿಕೊಂಡು ಕೂತೆ. ದ್ವೀಪ ಚಿಕ್ಕದು, ಉದ್ದ ಸುಮಾರು 34 ಕಿ.ಮೀ., ಅಗಲ 23. ಉಡುಪಿಯಿಂದ ಕುಂದಾಪುರದಷ್ಟು ದೂರ ಹೋದರೆ ದ್ವೀಪವೇ ಮುಗಿಯುತ್ತದೆ. ಕೆರಿಬಿಯನ್ ದ್ವೀಪಗಳ ಸಾಲಿನಿಂದ ಇದು ಪೂರ್ವಕ್ಕೆ ಒಂಟಿಯಾಗಿ ಸರಿದು ನಿಂತಿದೆ. ಇದರ ಪೂರ್ವಕ್ಕೆ ಆಫ್ರಿಕಾದವರೆಗೂ ಬರೀ ಅಟ್ಲಾಂಟಿಕ್. ಗಾಳಿ ವರ್ಷದ ಹೆಚ್ಚಿನ ಕಾಲ ಪೂರ್ವದಿಂದ, ಈಶಾನ್ಯದಿಂದ ಬೀಸುತ್ತದೆ. ಆದ್ದರಿಂದ ಆ ಕಡೆಯ ದಡಕ್ಕೆ ಬರುವ ಅಲೆಗೆ ನಡುವೆ ಎಲ್ಲೂ ತಡೆಯಿಲ್ಲ. ಪಶ್ಚಿಮದ ದಡಕ್ಕೆ ಮಾತ್ರ ಇಡೀ ದ್ವೀಪವೇ ಮರೆ. ಅಮ್ಮನಿಗೆ ಹೇಳಿದಾಗ, 'ಮರವಂತೆ ಹಾಂಗೆ' ಅಂದರು. ಒಂದೇ ಹೆದ್ದಾರಿ, ಒಂದು ಬದಿ ಕಡಲು ಅಬ್ಬರಿಸುತ್ತಿರುತ್ತದೆ, ಇನ್ನೊಂದು ಬದಿ ಸೌಪರ್ಣಿಕೆ ಅಲುಗಾಡದೆ ಮಲಗಿರುತ್ತಾಳೆ. ಅದಕ್ಕಿಂತ ಚೆನ್ನಾಗಿ ನನಗೆ ವಿವರಿಸಲು ಬರುವುದಿಲ್ಲ.

ಪಾಚಿಯ ಹೆಸರು ಸಾರ್ಗಾಸಮ್. ನಡುಗಡಲಿನಲ್ಲಿ ತೇಲುತ್ತಲೇ ಬೆಳೆಯುವ ಪಾಚಿ ಇದು. 2011ರಿಂದ ಈಚೆಗೆ ಕೆರಿಬಿಯನ್ ದಡಗಳಿಗೆ ರಾಶಿರಾಶಿಯಾಗಿ ಬರುತ್ತಿದೆ. ಸುಮಾರು ಮಾರ್ಚ್‌ನಿಂದ ಆಗಸ್ಟ್‌ವರೆಗೆ ಇದರ ಕಾಟ ಹೆಚ್ಚು. ಬಾರ್ಬಡೋಸ್‌ನಲ್ಲಿ ಪೂರ್ವ, ಆಗ್ನೇಯ ದಡಗಳಿಗೆ ಜಾಸ್ತಿ ಬೀಳುತ್ತದೆ, ದಕ್ಷಿಣಕ್ಕೆ ಕೆಲವೊಮ್ಮೆ, ಪಶ್ಚಿಮಕ್ಕೆ ಅಪರೂಪ. ಸೌತ್ ಫ್ಲಾರಿಡಾ ವಿಶ್ವವಿದ್ಯಾಲಯದವರು ಉಪಗ್ರಹ ಚಿತ್ರಗಳನ್ನು ನೋಡಿ ಪ್ರತಿ ತಿಂಗಳೂ ಇದರ ಮುನ್ನೋಟ ಕೊಡುತ್ತಾರೆ. ಟಿಕೆಟ್ ತೆಗೆಸುವ ಮೊದಲೇ ನಾನು ಅದನ್ನು ನೋಡಬೇಕಿತ್ತು. ಹಾಗಂತ ಪಶ್ಚಿಮ ಯಾವಾಗಲೂ ಶಾಂತ ಅಂದುಕೊಳ್ಳಬೇಡಿ. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ ಎದ್ದರೆ ಉಬ್ಬಲೆ ಆ ಕಡೆಗೂ ಸುತ್ತಿಕೊಂಡು ಬರುತ್ತದೆ.

ಅಲ್ಲಿಂದ ಮುಂದೆ ಬೀಚು ಆರಿಸುವ ಪ್ರಶ್ನೆಯನ್ನೇ ಬದಲಿಸಿದೆ. ಯಾವುದು ಚೆಂದ ಅನ್ನುವುದನ್ನು ಬಿಟ್ಟು, ಇವತ್ತು ಯಾರಿಗಾಗಿ ಹೋಗುತ್ತಿದ್ದೇವೆ, ಇವತ್ತು ಗಾಳಿ ಹೇಗಿದೆ ಅಂತ ಕೇಳತೊಡಗಿದೆವು. ಬೆಳಿಗ್ಗೆ ಚಹಾ ಕುಡಿಯುವಾಗ ಎರಡನ್ನೂ ಮಾತಾಡಿ ಹೊರಡುತ್ತಿದ್ದೆವು. ಪಟ್ಟಿಯಿಂದ ಹನ್ನೊಂದು ಹೆಸರು ಅದೇ ವಾರದಲ್ಲಿ ಬಿದ್ದುಹೋದವು, ನನಗೆ ಬೇಸರವಾಗಲಿಲ್ಲ.

ನಾವು ಉಳಿದುಕೊಂಡದ್ದು ದಕ್ಷಿಣದ ವರ್ದಿಂಗ್‌ನಲ್ಲಿ. ಇದೊಂದು ಮಾತ್ರ ಮೊದಲೇ ಸರಿಯಾಗಿ ಮಾಡಿದ್ದೆ. ಅಲ್ಲಿ ದಡದಿಂದ ಸ್ವಲ್ಪ ಆಚೆ ಹವಳದ ದಿಬ್ಬವಿದೆ, ಅಲೆ ಅಲ್ಲೇ ಒಡೆಯುತ್ತದೆ. ಒಳಗಿನ ನೀರು ಕೆರೆಯ ಹಾಗೆ, ಎಷ್ಟೋ ದೂರ ಮಗಳ ಎದೆಯ ಮಟ್ಟ. ಅವಳು ಉಪ್ಪುನೀರಿನಲ್ಲಿ ತೇಲುವುದನ್ನು, ಸಣ್ಣ ಅಲೆಗೆ ಬೆನ್ನು ಕೊಡುವುದನ್ನು ಕಲಿತದ್ದು ಅಲ್ಲೇ. ಎರಡು ದಿನ ಅವಳಿಗೆ ಇಲ್ಲಿ ರೂಢಿ ಮಾಡಿಸಿದ ಮೇಲೇ ಬೇರೆ ನೀರಿಗೆ ಕರೆದುಕೊಂಡು ಹೋದದ್ದು. ಮಕ್ಕಳಿದ್ದವರು ಈ ಎರಡು ದಿನವನ್ನು ದಯವಿಟ್ಟು ಉಳಿಸಲು ಹೋಗಬೇಡಿ.

ಮನೆಯೊಡತಿ ಬೆಳಿಗ್ಗೆ ಅಮ್ಮನನ್ನು ಕೇಳಿದರು, 'ಸೀ ಬಾತ್'ಗೆ ಹೋದಿರಾ ಅಂತ. ಅಲ್ಲಿಯವರು ಈಜಲು ಹೋಗುವುದಕ್ಕೆ ಹಾಗೇ ಅನ್ನುವುದು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಇದು ತಟ್ಟನೆ ಅರ್ಥವಾಯಿತು. ಸಮುದ್ರಸ್ನಾನ! ಮರವಂತೆಯ ಕರ್ಕಾಟಕ ಅಮಾವಾಸ್ಯೆ ಜಾತ್ರೆಯಲ್ಲಿ ಮುಳುಗೆದ್ದವರಿಗೆ ಬೇರೆ ವಿವರಣೆ ಬೇಕೇ? ಆಮೇಲೆ ಇಬ್ಬರೂ ಒಟ್ಟಿಗೆ ಹೋಗತೊಡಗಿದರು. ಅಲ್ಲಿನ ಹಿರಿಯರು ಬೆಳಿಗ್ಗೆ ಆರಕ್ಕೇ ಕತ್ತಿನವರೆಗೆ ನೀರಲ್ಲಿ ನಿಂತು ಮಾತಾಡುತ್ತಿರುತ್ತಾರೆ, ಈಜುವುದೇ ಇಲ್ಲ. ಎಲ್ಲಿ ಹೀಗೆ ಊರ ಹಿರಿಯರು ನೀರಲ್ಲಿ ನಿಂತು ಹರಟುತ್ತಾರೋ ಅಲ್ಲಿ ನಮ್ಮ ಅಮ್ಮಂದಿರೂ ಇಳಿಯಬಹುದು. ನಾನು ನೋಡಿದ ಗುರುತುಗಳಲ್ಲಿ ಇದನ್ನೇ ಹೆಚ್ಚು ನಂಬುತ್ತೇನೆ.

ಮೂರು ಸಲ ಹೋದದ್ದು ಕಾರ್ಲೈಲ್ ಬೇಗೆ, ರಾಜಧಾನಿ ಬ್ರಿಡ್ಜ್‌ಟೌನ್‌ನ ಪಕ್ಕದಲ್ಲೇ. ನಮ್ಮ ನಾಲ್ವರಿಗೂ ಒಟ್ಟಿಗೆ ಹೊಂದಿದ್ದು ಅದೊಂದೇ. ಅರ್ಧಚಂದ್ರದ ಹಾಗಿನ ಕೊಲ್ಲಿ, ಪಶ್ಚಿಮಕ್ಕೆ ಮುಖ, ತೊಟ್ಟಿಯ ನೀರಿನಷ್ಟು ತಿಳಿ. ಮುಳುಗಿದ ಹಡಗುಗಳು ಇಲ್ಲಿ ಹಲವು, ದಡಕ್ಕೆ ಹತ್ತಿರದಲ್ಲೇ, ಹೆಚ್ಚು ಆಳವಿಲ್ಲದ ಕಡೆ. 1919ರಲ್ಲಿ ಮುಳುಗಿದ ಬರ್ವಿನ್ ಅನ್ನುವ ಟಗ್ಗನ್ನು, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ಪುಟ್ಟ ಹಡಗನ್ನು, ಇವರು ಮೇಲಿಂದಲೇ ತೇಲಿಕೊಂಡು ನೋಡಿ ಬಂದರು. ಕಬ್ಬಿಣದ ತುಂಬ ಹವಳ ಬೆಳೆದಿದೆ, ಹಳದಿ ಪಟ್ಟೆಯ ಮೀನುಗಳು ಒಳಗೂ ಹೊರಗೂ ಓಡಾಡುತ್ತವೆ ಅಂದರು. ಆಮೆ ಸಿಕ್ಕಿದ್ದು ಮಗಳಿಗೆ. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಕೆಳಗೆ ಹುಲ್ಲಿನ ಮೇಲೆ ಕಲ್ಲಿನ ಹಾಗೆ ಕೂತದ್ದು ಮೆಲ್ಲಗೆ ಎದ್ದಿತು. ಉಸಿರಿಗೆ ನಮ್ಮ ಪಕ್ಕದಲ್ಲೇ ತಲೆ ಎತ್ತಿತು, 'ಹುಫ್' ಅಂತ ಸಣ್ಣ ಸದ್ದು. ಕಣ್ಣಿನ ಸುತ್ತಲಿನ ಸುಕ್ಕು ಕೂಡ ಕಂಡಿತು. ಮಗಳು ನನ್ನ ಬೆರಳನ್ನು ನೋಯುವಷ್ಟು ಹಿಂಡಿದ್ದಳು, ಒಂದು ಮಾತಾಡಲಿಲ್ಲ. ದೋಣಿಯಲ್ಲಿ ಕರೆದೊಯ್ದು ಆಮೆಗೆ ತಿನ್ನಲು ಹಾಕಿ ತೋರಿಸುವವರೂ ಇದ್ದಾರೆ. ನಮಗೆ ಅದು ಬೇಡ ಅನ್ನಿಸಿತು. ಬೆಳಿಗ್ಗೆ ಎಂಟರೊಳಗೆ ದಡದಿಂದಲೇ ಇಳಿದು, ಮುಟ್ಟದೆ, ಬೆನ್ನಟ್ಟದೆ ಇದ್ದರೆ ಆಮೆ ತಾನಾಗಿ ಬರುತ್ತದೆ.

ಅಲ್ಲಿಂದ ಕೆನ್ಸಿಂಗ್ಟನ್ ಓವಲ್ ದೂರವಿಲ್ಲ. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದದ್ದು ಅಲ್ಲೇ, ನಮ್ಮ ದ್ರಾವಿಡ್ ಕೋಚ್ ಆಗಿ ಕಪ್ ಹಿಡಿದು ಗಂಟಲು ಬಿರಿಯುವಂತೆ ಕೂಗಿದ್ದೂ ಅಲ್ಲೇ. ಇವರು ಗೇಟಿನ ಮುಂದೆ ಸುಮ್ಮನೆ ಹತ್ತು ನಿಮಿಷ ನಿಂತು ಬಂದರು.

ಪಶ್ಚಿಮದಲ್ಲಿ ಹೋಲ್‌ಟೌನ್‌ನ ಫೋಕ್‌ಸ್ಟನ್ ಕಡಲ ಉದ್ಯಾನಕ್ಕೆ ಒಂದು ದಿನ ಕೊಟ್ಟೆವು, ಅದು ಇವರ ದಿನ. ಹವಳದ ದಿಬ್ಬ ದಡಕ್ಕೆ ಹತ್ತಿರ, ಈಜು ಬಲ್ಲವರಿಗೆ ಹಬ್ಬ. ಕಾಲಿಗೆ ಕಲ್ಲು ಚುಚ್ಚುವುದರಿಂದ ಅಮ್ಮನಿಗೆ ಹಿಡಿಸಲಿಲ್ಲ. ಆ ಕಡೆಯ ದಡದಲ್ಲಿ ಮ್ಯಾಂಚಿನೀಲ್ ಮರದ ಬಗ್ಗೆ ಎಚ್ಚರ ಬೇಕು. ಹಸಿರು ಸೇಬಿನಂಥ ಪುಟ್ಟ ಕಾಯಿ, ನೋಡಿದರೆ ಮಕ್ಕಳು ಬಾಯಿಗಿಡುವಂತಿರುತ್ತದೆ, ಆದರೆ ವಿಷ. ಅದರ ಹಾಲು ತಾಗಿದರೆ ಬೊಕ್ಕೆ ಏಳುತ್ತದೆ. ಮಳೆ ಬಂತೆಂದು ಅದರ ಕೆಳಗೆ ನಿಂತರೂ ಎಲೆಯಿಂದ ತೊಟ್ಟಿಕ್ಕುವ ನೀರು ಮೈ ಸುಡುತ್ತದೆ. ಹಲವು ಮರಗಳ ಕಾಂಡಕ್ಕೆ ಕೆಂಪು ಬಣ್ಣ ಬಳಿದಿರುತ್ತಾರೆ. ಗೇರಿನ ಸೊನೆ ತಾಗಿ ಕೈ ಸುಲಿಸಿಕೊಂಡ ಅಮ್ಮ ಮೊಮ್ಮಗಳಿಗೆ ಪಾಠ ಹೇಳಿದರು, ನಾನು ಹೇಳಿದ್ದರೆ ಅವಳು ಅಷ್ಟು ಕೇಳುತ್ತಿರಲಿಲ್ಲ.

ಪೂರ್ವವನ್ನು ಪೂರಾ ಬಿಡಲು ಮನಸ್ಸಾಗಲಿಲ್ಲ. ಬಾತ್‌ಶೀಬಾಕ್ಕೆ ಇಳಿತದ ಹೊತ್ತು ನೋಡಿಕೊಂಡು ಹೋದೆವು. ಅಣಬೆಯ ಹಾಗೆ ಬುಡ ಸವೆದ ದೊಡ್ಡ ದೊಡ್ಡ ಬಂಡೆಗಳು ನೀರಲ್ಲಿ ನಿಂತಿವೆ. ಸರ್ಫಿಂಗ್ ಮಾಡುವವರು 'ಸೂಪ್ ಬೌಲ್' ಅನ್ನುವ ಅಲೆ ಅಲ್ಲೇ ಏಳುವುದು. ಈಜುವ ಮಾತೇ ಇಲ್ಲ, ಸೆಳೆತ ಜೋರು. ಆದರೆ ನೀರಿಳಿದಾಗ ಕಲ್ಲುಗಳ ನಡುವೆ ಹೊಂಡಗಳು ಉಳಿಯುತ್ತವೆ. ಅಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಒಂದರಲ್ಲಿ ಕೂತರು. ಹೊರಗೆ ಅಲೆ ಬಂಡೆಗೆ ಬಡಿದಾಗಲೆಲ್ಲ ಬಿಳಿ ನೊರೆ ಕಲ್ಲು ದಾಟಿ ಬಂದು ಅವರ ಭುಜದ ಮೇಲೆ ಸುರಿಯುತ್ತಿತ್ತು. ಕಣ್ಣು ಮುಚ್ಚಿ ಕೂತವರನ್ನು ಮುಕ್ಕಾಲು ಗಂಟೆ ಎಬ್ಬಿಸಲಾಗಲಿಲ್ಲ. ಇಳಿತದ ಸಮಯ ನೋಡದೆ ಹೋಗಿದ್ದರೆ ಇದು ಸಿಗುತ್ತಿರಲಿಲ್ಲ.

ಶುಕ್ರವಾರ ಓಯಿಸ್ಟಿನ್ಸ್‌ನ ಮೀನಿನ ಸಂತೆ, ಅದಕ್ಕೆ ಮೊದಲು ಹತ್ತಿರದ ಮಯಾಮಿ ಬೀಚ್‌ನಲ್ಲಿ ಸಂಜೆ ಸ್ನಾನ. ಒಂದು ಮಗ್ಗುಲು ಅಲೆ, ಇನ್ನೊಂದು ಮಗ್ಗುಲು ಶಾಂತ. ಗಾಳಿಮರದ ನೆರಳಿದೆ. ಸಂತೆಯಲ್ಲಿ 'ಡಾಲ್ಫಿನ್' ಅಂತ ಬರೆದದ್ದು ನೋಡಿ ಮಗಳು ಗಾಬರಿಯಾದಳು, ಅದು ಮಾಹಿ ಮಾಹಿ ಮೀನು. ಅಮ್ಮನಿಗೆ ಹಾರುಮೀನಿಗಿಂತ ಸುಟ್ಟ ಜೀಗುಜ್ಜೆ ಇಷ್ಟವಾಯಿತು.

ಓಡಾಟದ ಬಗ್ಗೆ ಎರಡು ಮಾತು. ಕಾರು ಬೇಕಾದದ್ದು ಎರಡು ದಿನಕ್ಕೆ ಮಾತ್ರ. ಉಳಿದಂತೆ ಬಸ್ಸು, ವ್ಯಾನು. ಎಷ್ಟು ದೂರ ಹೋದರೂ 3.50 ಬಾರ್ಬಡೋಸ್ ಡಾಲರ್. ಅಲ್ಲಿನ ಎರಡು ಡಾಲರ್ ಅಮೆರಿಕದ ಒಂದಕ್ಕೆ ಸಮ. ಬೀಚುಗಳೆಲ್ಲ ಸಾರ್ವಜನಿಕ, ದೊಡ್ಡ ಹೋಟೆಲಿನ ಮುಂದಿನದ್ದೂ ಸಹ. ಬೇಲಿಗಳ ನಡುವಿನ ಸಣ್ಣ ದಾರಿ ಹುಡುಕಬೇಕು ಅಷ್ಟೇ. ಮಿಲಿಟರಿ ಬಣ್ಣದ ಚಡ್ಡಿ, ಟೊಪ್ಪಿ ಮಾತ್ರ ಒಯ್ಯಬೇಡಿ, ಅದನ್ನು ಜನಸಾಮಾನ್ಯರು ತೊಡುವುದು ಅಲ್ಲಿ ಕಾನೂನಿಗೆ ವಿರುದ್ಧ, ಮಕ್ಕಳಿಗೂ.

ಕೊನೆಯ ಬೆಳಿಗ್ಗೆ ವಿಮಾನಕ್ಕೆ ಮೊದಲು ನಾಲ್ಕು ಗಂಟೆ ಉಳಿದಿತ್ತು. ಇವತ್ತು ಯಾರಿಗಾಗಿ ಅಂತ ಕೇಳಿದಾಗ ಅಮ್ಮ ಮೊದಲ ಬಾರಿಗೆ ತಾವೇ ಬಾಯಿಬಿಟ್ಟು, 'ಕುದ್ರಿ ಬಪ್ಪಲ್ಲಿಗೆ' ಅಂದರು. ಕಾರ್ಲೈಲ್ ಬೇಯ ದಕ್ಷಿಣ ತುದಿಯ ಪೆಬಲ್ಸ್ ಬೀಚ್‌ಗೆ, ಹತ್ತಿರದ ಗ್ಯಾರಿಸನ್ ರೇಸ್ ಮೈದಾನದ ಕುದುರೆಗಳನ್ನು ಬೆಳಕು ಹರಿಯುವಾಗ ಸ್ನಾನಕ್ಕೆ ತರುತ್ತಾರೆ. ನಾವು ಹೋದಾಗ ಮೂರು ಕುದುರೆಗಳು ಕತ್ತಿನವರೆಗೆ ನೀರಲ್ಲಿದ್ದವು. ಒಂದು ಕಂದು ಕುದುರೆ ದಡಕ್ಕೆ ಬಂದು ಮೈ ಕೊಡವಿತು, ಹನಿ ನಮ್ಮ ಮೇಲೂ ಬಿತ್ತು. ಕಂಬಳ ಮುಗಿದ ಮೇಲೆ ತಮ್ಮ ಅಪ್ಪ ಕೋಣಗಳ ಮೈ ತೊಳೆಯುತ್ತಿದ್ದುದನ್ನು ಅಮ್ಮ ಮೊಮ್ಮಗಳಿಗೆ ಹೇಳತೊಡಗಿದರು. ಹೇಳುತ್ತಲೇ ಅವಳ ಕೈ ಹಿಡಿದು ನೀರಿಗಿಳಿದರು.